ಮಂಗಳ ಮುಗಿಯದ ಸಂಜೆ

ನಮ್ಮೂರಿನ ಭಜನೆ ಮನೆಯಲ್ಲಿ ಯಾರಾದರೂ ಪೀಠದ ಮುಂದೆ ಕೂತು ಮಾತಿಗೆ ತೊಡಗಿದರೆ, ಮಂಗಳ ಹಾಡಿ ಆರತಿ ಎತ್ತುವವರೆಗೆ ಕೇಳುವವರು ಬಾಯಿ ತೆರೆಯುವಂತಿಲ್ಲ. ಇದನ್ನು ಯಾರೂ ಬರೆದು ಗೋಡೆಗೆ ಅಂಟಿಸಿರಲಿಲ್ಲ. ಅವ್ವನ ತೊಡೆಯ ಮೇಲೆ ಮಲಗಿ ಪುರಾಣ ಕೇಳಿದ ವಯಸ್ಸಿನಿಂದ ಮೈಗೆ ಹತ್ತಿದ ರೂಢಿ. ಪದ್ಯ ನಡೆಯುವಾಗ ಕೆಮ್ಮು ಬಂದರೆ ಹೊರಗೆ ಹೋಗಿ ಕೆಮ್ಮಿ ಬರಬೇಕು. ಅರ್ಥವಾಗದಿದ್ದರೆ ಅರ್ಥವಾಗದೆಯೇ ಕೂತಿರಬೇಕು. ಮನೆಯ ಕಷ್ಟ, ದನದ ಕಾಯಿಲೆ, ಅಳಿಯನ ಮೇಲಿನ ದೂರು ಏನಿದ್ದರೂ ಮಂಗಳವಾಗಿ ಕೈಗೆ ತೀರ್ಥ ಬಿದ್ದ ಮೇಲೆ. ಆಗ ಪೀಠದ ಮುಂದೆ ಕೂತವರ ಹತ್ತಿರ ಹೋಗಿ ಹೇಳಿಕೊಳ್ಳಬಹುದು, ಅವರೂ ಇಲ್ಲವೆನ್ನದೆ ಕೇಳುತ್ತಾರೆ.

ಆ ಮಂಗಳವನ್ನು ಹಾಡುವವನು ಪುರಾಣ ಓದುವ ಊರಿನ ಓದುಗ. ಅವನು ಎದುರಿಗೆ ಕೂತಿರುವಾಗ ಇನ್ನೊಬ್ಬ ಅದನ್ನು ಎತ್ತಿಕೊಂಡರೆ ಓದುಗನ ಕಾಲ ಮುಗಿಯಿತೆಂದು ಸಾರಿದ ಹಾಗೆ.

ನಮ್ಮ ಓದುಗ ನಲ್ಲಪ್ಪ. ಅವನ ಪಕ್ಕದಲ್ಲಿ ಶ್ರುತಿಪೆಟ್ಟಿಗೆ ಒತ್ತುತ್ತ ಕೂರುವವನು ನಾನು. ನಲ್ಲಪ್ಪ ಸ್ಕೂಲಿನಲ್ಲಿ ಕಲಿತದ್ದು ಕಡಿಮೆ. ಅವರಪ್ಪ ಏತ ಎಳೆಯುತ್ತ ಹೇಳಿಕೊಟ್ಟ ಪದ್ಯಗಳೇ ಅವನ ವಿದ್ಯೆ. ಕಾಡಿನಲ್ಲಿ ಒಂಟಿಯಾದ ರಾಣಿ ಮರಗಳನ್ನು ಹೆಸರು ಹಿಡಿದು ಕರೆದು ಅಳುವ ಭಾಗ ಬಂದರೆ, ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ನಾನು ಪೆಟ್ಟಿಗೆಯ ಮೇಲಿನ ಕೈಯನ್ನು ಮರೆತು ಶ್ರುತಿ ನಿಂತುಹೋದರೆ, ಅವನು ಮೊಣಕೈಯಿಂದ ತಿವಿಯುತ್ತಿದ್ದ.

ಪೀಣ್ಯದ ಕಾರ್ಖಾನೆಗಳು ನಮ್ಮೂರಿನ ಕಡೆ ಬೆಳೆಯುತ್ತ ಬಂದಾಗ ಅವನ ರಾಗಿ ಹೊಲ ಹೋಯಿತು. ಹೊಲ ಕೊಟ್ಟವನೆಂದು ಕೆಲಸ ಸಿಕ್ಕಿತು. ಸೈಕಲ್ಲಿನ ಹ್ಯಾಂಡಲ್ಲಿಗೆ, ಗಾಡಿಗಳ ಬಂಪರಿಗೆ ಕನ್ನಡಿಯಂಥ ಹೊಳಪು ಕೊಡುವ ಪ್ಲೇಟಿಂಗ್ ಕಾರ್ಖಾನೆ. ನಲ್ಲಪ್ಪನನ್ನು ನಿಲ್ಲಿಸಿದ್ದು ಕ್ರೋಮಿಯಂ ತೊಟ್ಟಿಯ ಮುಂದೆ. ಕರೆಂಟು ಹಾಯಿಸಿದರೆ ಅದರ ಕೆಂಪು ನೀರು ಕುದಿಯುವ ಹಾಗೆ ನೊರೆಯೆದ್ದು, ಹಳದಿ ಆವಿ ಮುಖಕ್ಕೆ ಬರುತ್ತದೆ. ಮೊದಲು ಮೂಗಿನಲ್ಲಿ ರಕ್ತ ಬಂತು. ಆಮೇಲೆ ಹಕ್ಕಳೆ ಕಟ್ಟಿತು. ಆಮೇಲೆ ನೋವೂ ಹೋಯಿತು, ವಾಸನೆಯೂ ಹೋಯಿತು. ಮೂಗಿನ ಒಳಗೋಡೆ ತೂತಾಗಿ, ಉಸಿರೆಳೆದರೆ ದೂರದಲ್ಲಿ ಯಾರೋ ಸಿಳ್ಳೆ ಹಾಕಿದಂತೆ ಕೇಳುತ್ತಿತ್ತು. ಗಂಟಲು ಒಡೆದ ಮಡಕೆಯಾಯಿತು. ನಲ್ಲಪ್ಪ ಓದು ನಿಲ್ಲಿಸಿದ. ನಾವು ಶನಿವಾರಗಳಲ್ಲಿ ಬರೀ ಭಜನೆ ಮಾಡಿ ಎದ್ದುಬರುತ್ತಿದ್ದೆವು; ಪೀಠದ ಮುಂದೆ ಯಾರೂ ಕೂರದ ಮೇಲೆ ಮಂಗಳವೂ ಬೇಕಿರಲಿಲ್ಲ.

ಅವನನ್ನು ತೊಟ್ಟಿಯಿಂದ ತೆಗೆದು ಪ್ಯಾಕಿಂಗಿಗೆ ಹಾಕಬೇಕೆಂದು ಹೆಂಡತಿ ಅನುಸೂಯಮ್ಮ ಕಾರ್ಖಾನೆಗೇ ಹೋಗಿ ಕೇಳಿದಳು. ಡಾಕ್ಟರು ಹೇಳಿದರೆ ಮಾಡೋಣ ಅಂದರು. ಕಾರ್ಖಾನೆಯ ಡಾಕ್ಟರು ನಲ್ಲಪ್ಪನನ್ನು ಕೇಳಿದ್ದು ಒಂದೇ ಮಾತು.

"ನಶ್ಯ ಹಾಕ್ತೀಯಾ?"

"ಇಲ್ಲ ಸಾರ್. ನಮ್ಮಪ್ಪ ಆಕ್ತಿದ್ರು."

"ಅದೇ ಮತ್ತೆ" ಅಂದರಂತೆ ಡಾಕ್ಟರು, ರೋಗ ಸಿಕ್ಕಿತು ಎನ್ನುವ ಸಂತೋಷದಲ್ಲಿ.

ಹೀಗಾದ ಮೇಲೆ ಅನುಸೂಯಮ್ಮನಿಗೆ ಪೇಪರಿನ ಯೋಚನೆ ಬಂತು. ತುಮಕೂರು ರಸ್ತೆಯಲ್ಲಿ ಲಾರಿ ಹರಿದು ಸತ್ತ ಹುಡುಗಿಯ ಹೆಸರು ಪೇಪರಿನಲ್ಲಿ ಅಚ್ಚಾದ ಮೇಲೆ ಅಲ್ಲಿ ಉಬ್ಬು ಹಾಕಿಸಿದ್ದರು. ಬದುಕಿರುವವನ ಹೆಸರು ಅಚ್ಚಾದರೆ ಒಂದು ತೊಟ್ಟಿಯಿಂದ ಬಿಡಿಸಲಾರರೇ ಎಂದು ಅವಳ ಲೆಕ್ಕ. ಭಜನೆ ಮನೆಯ ಯಜಮಾನ ವೆಂಕಟೇಶಪ್ಪನ ಮುಂದೆ ಹೋಗಿ ನಿಂತಳು. ವೆಂಕಟೇಶಪ್ಪ ಇದ್ದ ತೋಟದಲ್ಲಿ ವಠಾರ ಕಟ್ಟಿಸಿ, ಕಾರ್ಖಾನೆಯವರಿಗೆ ಬಾಡಿಗೆ ಕೊಟ್ಟು, ಬಿಳಿ ಪಂಚೆಯವನಾಗಿದ್ದ. ಅವನ ದೊಡ್ಡ ಮನೆಯಲ್ಲಿ ಅದೇ ಕಾರ್ಖಾನೆಯ ಸೂಪರ್‌ವೈಸರು ಬಾಡಿಗೆಗಿದ್ದರು.

"ಅಣ್ಣಾ, ನಿಮ್ಗೆ ಪೇಪರ್ನೋರು ಯಾರೋ ಗೊತ್ತಂತಲ್ಲ. ಒಂದ್ಸಲ ಕರೆಸ್ರಣ್ಣ."

"ಹನುಮಂತಯ್ಯನೋರಾ? ದೊಡ್ಡೋರಮ್ಮ ಅವ್ರು. ಪೇಪರ್ನಾಗೂ ಬರೀತಾರೆ, ಪುಸ್ತಕಾನೂ ಬರೀತಾರೆ. ಕರೆಸ್ತೀನಿ, ಭಜನೆ ಮನೆಗೂ ಒಂದ್ ಗೌರವ. ಆದ್ರೆ ಬಂದ ತಕ್ಷಣ ಮೂಗು ಮೂಗು ಅಂತ ಮುಗಿಬೀಳ್ಬೇಡ. ಎಲ್ಲಾ ಆದ್ಮೇಲೆ ನಿಧಾನಕ್ ಕೇಳು."

"ಅಷ್ಟು ಗೊತ್ತಿಲ್ವೇನಣ್ಣ ನಂಗೆ. ಮಂಗ್ಳ ಆದ್ಮೇಲೇ ಕೇಳ್ತೀನಿ."

ಮಂಗಳ ನಲ್ಲಪ್ಪನೇ ಹೇಳಬೇಕೆಂದು ವೆಂಕಟೇಶಪ್ಪ ಹಟ ಹಿಡಿದ. ನಾಲ್ಕು ಸಾಲು ತಾನೆ, ಎಂದ. ನಲ್ಲಪ್ಪ ನನ್ನ ಮುಖ ನೋಡಿದ. ಶ್ರುತಿ ಇಳಿಸಿ ಹಿಡಿಯುತ್ತೇನೆ ಎಂದೆ. ಆ ವಾರವೆಲ್ಲ ಅವನು ತೊಟ್ಟಿಯಿಂದ ಬಂದವನೇ ಉಪ್ಪುನೀರು ಮುಕ್ಕಳಿಸಿ ಹಿತ್ತಲಲ್ಲಿ ಸಣ್ಣಗೆ ಹೇಳಿ ನೋಡುತ್ತಿದ್ದನೆಂದು ಅನುಸೂಯಮ್ಮ ಹೇಳಿದಳು.

ಹನುಮಂತಯ್ಯನವರು ಬಂದದ್ದು ಭಾನುವಾರ ಸಂಜೆ, ಹಳೆಯ ಅಂಬಾಸಡರ್ ಕಾರಿನಲ್ಲಿ. ಕಾರು ವೆಂಕಟೇಶಪ್ಪ ಗೊತ್ತುಮಾಡಿದ್ದು. ಇಳಿದವರು ಸಣಕಲು ಮನುಷ್ಯ, ಹೆಗಲಿಗೆ ಜೋಳಿಗೆ, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ಹೆಂಗಸರ ಸಾಲಿನ ಮುಂದೆ ಕೂತಿದ್ದ ಚಿಕ್ಕಮುನಿಯಮ್ಮಜ್ಜಿ, ಊರಿಗೇ ಹಿರಿಯಳು, ಪಕ್ಕದವಳಿಗೆ ಎಲ್ಲರಿಗೂ ಕೇಳುವಂತೆ ಗುಟ್ಟು ಹೇಳಿದಳು:

"ಪೇಪರ್ನೋರು ಅಂದ್ರೆ ಪೇಪರ್ನಂಗೇ ಅವ್ರಲ್ಲೇ! ಗಾಳಿ ಬಂದ್ರೆ ಇಡ್ಕಳ್ರಪ್ಪ ಯಾರಾನಾ."

ಅವರೂ ನಕ್ಕರು. "ಹಿಡ್ಕೊಳ್ಳೋಕೆ ನೀವಿದ್ದೀರಲ್ಲಜ್ಜಿ" ಎಂದರು. ಒಳ್ಳೆಯವರು ಎಂದು ಆಗಲೇ ಎಲ್ಲರಿಗೂ ಅನ್ನಿಸಿತು.

ಅವರಿಗೆ ಕುರ್ಚಿ ತರಿಸಿರಲಿಲ್ಲ. ಪುರಾಣ ಓದುವವರಿಗೆ ಹಾಸುವ ಜಮಖಾನ ಹಾಸಿ, ಪೀಠದ ಮುಂದೆ ಕೂರಿಸಿ, ತುಳಸಿ ಮಾಲೆ ಹಾಕಿ, ಎರಡು ಕಡೆ ದೀಪ ಇಟ್ಟೆವು. ಕಾಲು ಮಡಚಿ ಕೂರಲು ಅವರು ಸ್ವಲ್ಪ ಒದ್ದಾಡಿದರು. ಆಮೇಲೆ ಮಾತು ಶುರುವಾಯಿತು.

ಚೆನ್ನಾಗಿ ಮಾತಾಡಿದರು. ನಾನು ಜೀವಮಾನವೆಲ್ಲ ಕೇಳಿಯೇ ಬದುಕಿದವನು. ಬಾಯಿಪಾಠದ ಮಾತು ಯಾವುದು, ಒಳಗಿನಿಂದ ಬಂದದ್ದು ಯಾವುದು ಎಂಬುದು ದನಿಯಲ್ಲೇ ತಿಳಿಯುತ್ತದೆ. ಇವರದು ಒಳಗಿನಿಂದ ಬರುತ್ತಿತ್ತು. ಎಲ್ಲೋ ಒಂದು ಕಲ್ಲುಕ್ವಾರಿಗೆ ಹೋದದ್ದನ್ನು ಹೇಳಿದರು. ಅಲ್ಲಿ ಗಂಡಸರೆಲ್ಲ ಧೂಳು ಕುಡಿದು ಚಿಕ್ಕ ವಯಸ್ಸಿಗೇ ಸಾಯುತ್ತಿದ್ದರಂತೆ. ಹೆಂಗಸರೇ ಕೂತು ಜಲ್ಲಿ ಒಡೆಯುವ ಊರದು.

"ಒಬ್ಬ ಹೆಣ್ಣುಮಗಳು ನನ್ನ ಕೇಳಿದಳು, ಇದು ನಿಮ್ಮ ಪೇಪರಿನಲ್ಲಿ ಬರುತ್ತದಾ ಅಂತ. ಬರೀತೀನಿ ಅಂದೆ, ಬರೆದೆ. ಅದು ಅಚ್ಚಾದ ಮೇಲೆ ಆ ಊರಿಗೆ ಮೊದಲನೇ ಸಲ ಡಾಕ್ಟರು ಹೋದರು, ದೊಡ್ಡ ಅಧಿಕಾರಿ ಹೋದರು."

ಅನುಸೂಯಮ್ಮ ಕಂಬಕ್ಕೆ ಒರಗಿದ್ದವಳು ನೆಟ್ಟಗೆ ಕೂತಳು. ಗಂಡಸರ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ನಲ್ಲಪ್ಪನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ಅವನ ಮೂಗಿನ ಸಿಳ್ಳೆ ನನಗೆ ಕೇಳುತ್ತಿತ್ತು. ಅವನು ಬಾಯಿಂದ ಉಸಿರಾಡಿ ಅದನ್ನು ಅಡಗಿಸಲು ನೋಡುತ್ತಿದ್ದ.

ಮಾತು ಮುಗಿಸಿ ಹನುಮಂತಯ್ಯನವರು ನೀರು ಕುಡಿದರು. "ಇನ್ನು ನನ್ನ ಮಾತು ಸಾಕು. ನಾನು ಬಂದಿರೋದೇ ನಿಮ್ಮ ಮಾತು ಕೇಳೋಕೆ. ಕಾರ್ಖಾನೆಗಳು ಬಂದ ಮೇಲೆ ಇಲ್ಲಿ ಹೇಗಿದೆ? ಕೆಲಸ ಹೇಗಿದೆ, ನೀರು ಹೇಗಿದೆ? ಏನಿದ್ದರೂ ಕೇಳಿ."

ಯಾರೂ ಮಾತಾಡಲಿಲ್ಲ. ಅವರಿನ್ನೂ ಪೀಠದ ಮುಂದೆಯೇ ಇದ್ದರು. ಮಂಗಳವಾಗಿರಲಿಲ್ಲ.

"ಸಂಕೋಚ ಬೇಡಿ. ಯಾರಾದರೂ ಒಬ್ಬರು ಶುರುಮಾಡಿ" ಎಂದರು. "ಅಮ್ಮಾ, ನೀವು?"

ಚಿಕ್ಕಮುನಿಯಮ್ಮಜ್ಜಿಯನ್ನೇ ಕೇಳಿದ್ದು. ಅಷ್ಟು ಬಾಯಿಯ ಅಜ್ಜಿ ಸೆರಗು ಎಳೆದುಕೊಂಡು ಕೈಮುಗಿದಳು, ಅಷ್ಟೇ. ಅನುಸೂಯಮ್ಮನ ತುಟಿಗಳು ಅಲುಗುತ್ತಿದ್ದವು. ಹೇಳಬೇಕಾದ ಮಾತನ್ನು ಅವಳು ಒಳಗೊಳಗೇ ಜೋಡಿಸಿಕೊಳ್ಳುತ್ತಿದ್ದಳು. ಇನ್ನೇನು, ನಾಲ್ಕು ಸಾಲು ಹಾಡಿ ಆರತಿಯಾದರೆ ಅವಳ ಸರದಿ.

ನಮ್ಮ ರೂಢಿ ಅವರಿಗೆ ಗೊತ್ತಿಲ್ಲವೆಂದು ನಮಗೆ ಹೊಳೆಯಲೇ ಇಲ್ಲ. ಪೀಠದ ಮುಂದೆ ಕೂತವರಿಗೆ ಗೊತ್ತಿಲ್ಲದೆ ಇರುತ್ತದೆಯೇ! ಕೇಳಿ ಕೇಳಿ ಎನ್ನುವುದೂ ದೊಡ್ಡವರ ಸೌಜನ್ಯವೆಂದುಕೊಂಡು ಗೌರವದಿಂದ ಸುಮ್ಮನೆ ಕೂತೆವು. ಅವರ ಮುಖ ಸಣ್ಣದಾಗುತ್ತ ಹೋಯಿತು.

ವೆಂಕಟೇಶಪ್ಪ ಕಣ್ಣಿನಲ್ಲೇ ಸನ್ನೆ ಮಾಡಿದ. ನಾನು ಶ್ರುತಿ ಇಳಿಸಿ ಹಿಡಿದೆ. ನಲ್ಲಪ್ಪ ಎದ್ದು ನಿಂತು ಕೈಜೋಡಿಸಿದ. ಅರ್ಚಕರು ಆರತಿ ತಟ್ಟೆಗೆ ಕರ್ಪೂರ ಇಟ್ಟು, ಹಾಡು ಏರಲಿ ಎಂದು ಕಡ್ಡಿಪೆಟ್ಟಿಗೆ ಹಿಡಿದು ಕಾದರು.

ಮೊದಲ ಸಾಲು ಹೇಗೋ ದಾಟಿತು. ಹಳೆಯ ನಲ್ಲಪ್ಪನ ನೆರಳು ಅದರಲ್ಲಿತ್ತು. ಎರಡನೆಯ ಸಾಲಿನಲ್ಲಿ ದನಿ ಮೇಲೇರಬೇಕು. ಅವನು ಉಸಿರೆಳೆದ. ಭಜನೆ ಮನೆಯಲ್ಲೆಲ್ಲ ಆ ಸಿಳ್ಳೆ ಕೇಳಿತು. ಬಾಯಿ ತೆರೆದ. ಬಂದದ್ದು ದನಿಯಲ್ಲ, ಬರೀ ಗಾಳಿ. ಮತ್ತೆ ಉಸಿರೆಳೆದ, ಮತ್ತೆ ಸಿಳ್ಳೆ. ಬಾಗಿಲ ಹತ್ತಿರ ನಿಂತಿದ್ದ ಕಾರಿನ ಡ್ರೈವರು ಯಾರೋ ತಮಾಷೆ ಮಾಡಿದರೆಂದು ತಿಳಿದು ನಗುತ್ತ ಹಿಂದೆ ತಿರುಗಿ ನೋಡಿದ.

ನಾನು ಶ್ರುತಿ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮುಗಿಯಿತೆಂದು ಅರ್ಥವಾಗುತ್ತಿತ್ತು. ಪೆಟ್ಟಿಗೆ ತನ್ನಷ್ಟಕ್ಕೆ ಕೊರಗುತ್ತಿತ್ತು, ನಲ್ಲಪ್ಪ ಕೈಮುಗಿದು ನಿಂತೇ ಇದ್ದ, ಎಲ್ಲರೂ ತಲೆ ತಗ್ಗಿಸಿದರು. ಮುಂದಿನ ಸಾಲುಗಳು ಅಲ್ಲಿದ್ದ ಪ್ರತಿಯೊಬ್ಬರಿಗೂ ಬಾಯಿಪಾಠ. ಒಬ್ಬರಾದರೂ ಎತ್ತಿಕೊಳ್ಳಬಹುದಿತ್ತು. ಅವನ ಮುಖದ ಮುಂದೆ ಯಾರು ಎತ್ತಿಕೊಳ್ಳುತ್ತಾರೆ?

ಹನುಮಂತಯ್ಯನವರು ಸ್ವಲ್ಪ ಹೊತ್ತು ಕಾದರು. ಮುದುಕ ನಾಚಿಕೊಂಡ, ಕಾರ್ಯಕ್ರಮ ಮುಗಿಯಿತು ಎಂದು ತಿಳಿದಿರಬೇಕು. ನಲ್ಲಪ್ಪನಿಗೆ ಅಂಥ ವಯಸ್ಸೇನೂ ಆಗಿರಲಿಲ್ಲ, ನೋಡಿದವರು ಹಾಗೆ ಅಂದುಕೊಳ್ಳುತ್ತಿದ್ದರು. ಅವರು ಮಾಲೆ ತೆಗೆದಿಟ್ಟು, ಎಲ್ಲರಿಗೂ ನಮಸ್ಕರಿಸಿ, ಜೋಳಿಗೆ ಎತ್ತಿಕೊಂಡರು. ವೆಂಕಟೇಶಪ್ಪ "ಬರ್ರಿ ಸಾರ್, ಕಾರು ರೆಡಿ ಐತೆ" ಎಂದು ಮುಂದೆ ನಡೆದ. ಹೋಗುತ್ತ ಅವರು ಅವನಿಗೆ ಹೇಳಿದ್ದು ನನಗೂ ಕೇಳಿಸಿತು:

"ಒಳ್ಳೆ ಜನ. ಆದರೆ ಇವರಿಗೆ ಕೇಳಬೇಕು ಅಂತಲೇ ಅನ್ನಿಸಲ್ಲವಲ್ರೀ. ನಾನಾಗಿ ಬಾಯಿಬಿಟ್ಟು ಕೇಳಿದರೂ ಒಂದು ಮಾತಿಲ್ಲ."

ಅನುಸೂಯಮ್ಮ ಎದ್ದಳು. ಮಂಗಳವಾಗದೆ ಹೆಂಗಸರ ಸಾಲಿನಿಂದ ಯಾರೂ ಎದ್ದವರಿಲ್ಲ. "ಕೂತ್ಕೊಳ್ಳೇ ಅನುಸೂಯಾ" ಎಂದು ಅಜ್ಜಿ ಸೀರೆ ಹಿಡಿದಳು. ಅವಳು ಬಿಡಿಸಿಕೊಂಡು, ದೀಪದ ಮುಂದಿನಿಂದಲೇ ಹಾದು, ನಲ್ಲಪ್ಪನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಹೋದಳು. ನಾನು ಶ್ರುತಿಪೆಟ್ಟಿಗೆ ಕೆಳಗಿಟ್ಟು ಹಿಂದೆ ಹೋದೆ.

ಕಾರಿನ ಬಾಗಿಲು ಹಾಕಿಯಾಗಿತ್ತು. ಅವಳು ಕಿಟಕಿಗೆ ಕೈಯಿಟ್ಟಳು.

"ಸಾರ್, ನಂದೊಂದು ಮಾತದೆ. ಇವ್ರು ನಮ್ಮೆಜಮಾನ್ರು. ಒಳಗ್ ನಿಂತಿದ್ರಲ್ಲ, ಇವ್ರೇ. ಊರ್ಗೆಲ್ಲಾ ಓದೋರು ಸಾರ್ ಇವ್ರು. ಇವ್ರ ಗಂಟ್ಲು ಅಂಗಿರ್ಲಿಲ್ಲ. ಕಾರ್ಖಾನೆ ತೊಟ್ಟಿ ಆವಿ ಮೂಗು ತಿಂದ್ಬಿಡ್ತು."

"ಮೂಗು ತಿಂತು ಅಂದ್ರೆ?" ಎಂದು ಕೇಳುತ್ತ ಅವರು ಕೆಳಗಿಳಿದರು.

"ತೋರ್ಸ್ರಿ" ಎಂದಳು ಗಂಡನಿಗೆ.

ನಲ್ಲಪ್ಪ ಹಿಂಜರಿದ. "ಬುಡೇ, ಓಗ್ಲಿ. ಅವ್ರಿಗೆ ಒತ್ತಾಗ್ತದೆ."

"ತೋರ್ಸ್ರಿ ಅಂದೆ!"

ಡ್ರೈವರು ಟಾರ್ಚು ತಂದ. ಬಲಗಡೆಯ ಹೊಳ್ಳೆಗೆ ಬೆಳಕು ಬಿಟ್ಟರೆ ಎಡಗಡೆಯ ಹೊಳ್ಳೆಯೊಳಗೂ ಕೆಂಪಗೆ ಬೆಳಕು ಕಂಡಿತು, ನಡುವೆ ಏನೂ ಇಲ್ಲದ ಹಾಗೆ. ಹನುಮಂತಯ್ಯನವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಡ್ರೈವರು ಟಾರ್ಚು ಹಿಡಿದೇ ಮುಖ ಬೇರೆ ಕಡೆ ತಿರುಗಿಸಿದ. ಒಳಗೆ ನಕ್ಕದ್ದು ಅವನಿಗೆ ನೆನಪಾಗಿರಬೇಕು.

"ಎಷ್ಟು ಜನಕ್ಕಿದೆ ಹೀಗೆ?"

"ತೊಟ್ಟಿ ಮುಂದೆ ನಿಂತೋರಿಗೆಲ್ಲಾ ಅದೆ ಸಾರ್" ಎಂದ ನಲ್ಲಪ್ಪ. "ಒಬ್ಬೊಬ್ರಿಗೆ ಬೇಗ, ಒಬ್ಬೊಬ್ರಿಗೆ ನಿಧಾನ."

"ಒಳಗೆ ಅಷ್ಟು ಕೇಳಿದೆನಲ್ಲಪ್ಪಾ! ಆಗಲೇ ಯಾಕೆ ಹೇಳಲಿಲ್ಲ?"

"ಮಂಗ್ಳ ಆಗಿರ್ಲಿಲ್ವಲ್ಲ ಸಾರ್" ಎಂದಳು ಅನುಸೂಯಮ್ಮ, ಅದಕ್ಕಿಂತ ಸರಳವಾದದ್ದು ಇನ್ನೇನಿದೆ ಎನ್ನುವಂತೆ. "ಇವ್ರ ಹೆಸ್ರು ನಲ್ಲಪ್ಪ ಅಂತ. ಕಾರ್ಖಾನೆ ಹೆಸ್ರೂ ಹೇಳ್ತೀನಿ. ನಿಮ್ ಪೇಪರ್ನಾಗೆ ಹಾಕ್ಬಿಡಿ ಸಾರ್. ನಮ್ಗೆ ದುಡ್ ಬ್ಯಾಡ, ಏನೂ ಬ್ಯಾಡ. ತೊಟ್ಟಿಯಿಂದ ತೆಗ್ದು ಪ್ಯಾಕಿಂಗ್‌ಗೆ ಹಾಕ್ಲಿ, ಅಷ್ಟೇ."

ವೆಂಕಟೇಶಪ್ಪ ಕೆಮ್ಮಿದ. "ಅನುಸೂಯಮ್ಮ, ಸಾಕು ಬಿಡಮ್ಮ. ಸಾರ್‌ನ ದಾರೀಲಿ ನಿಲ್ಸಿ..."

"ನೀನ್ ಸುಮ್ಕಿರಣ್ಣ. ನಿಮ್ಮನೆ ಬಾಡಿಗೆ ಓಗಾಕಿಲ್ಲ."

ವೆಂಕಟೇಶಪ್ಪ ಪಂಚೆ ಸರಿಮಾಡಿಕೊಂಡು ದೂರ ಹೋಗಿ ನಿಂತ.

ಹನುಮಂತಯ್ಯನವರು ಕಾರಿನ ಬಾನೆಟ್ಟಿಗೆ ಒರಗಿದರು. ಪೀಠದ ಮುಂದಿದ್ದ ದನಿಯೇ ಬೇರೆ, ಈಗಿನ ದನಿಯೇ ಬೇರೆ.

"ನೋಡಿ ತಾಯಿ, ಮಾಡ್ತೀನಿ ಅಂತ ಹೇಳಿ ಹೋಗೋದು ಸುಲಭ. ನಿಮಗೆ ಸುಳ್ಳು ಹೇಳೋಕೆ ಮನಸ್ಸು ಬರ್ತಾ ಇಲ್ಲ. ಒಳಗೆ ಕ್ವಾರಿ ವಿಷಯ ಹೇಳಿದೆನಲ್ಲ, ಡಾಕ್ಟರು ಹೋದರು ಅಂತ. ಹೋದದ್ದು ನಿಜ. ಒಂದು ಸಲ ಹೋದರು, ವಾಪಸ್ ಬಂದರು. ಆ ಊರಲ್ಲಿ ಈಗಲೂ ಹೆಂಗಸರೇ ಜಲ್ಲಿ ಒಡೀತಾರೆ. ಮತ್ತೆ ಬರೆದುಕೊಟ್ಟೆ, ಹಾಕಲಿಲ್ಲ. ಪೀಣ್ಯದ ಮೇಲೂ ಹಿಂದೆ ಬರೆದುಕೊಟ್ಟಿದ್ದೀನಿ. ಆಯುಧಪೂಜೆಗೆ ಪೇಪರಿನ ತುಂಬ ಜಾಹೀರಾತು ಕೊಡೋರು ಇವರೇ. ಕಾರ್ಖಾನೆ ಹೆಸರಿದ್ದರೆ ನಮ್ಮ ಸಂಪಾದಕರ ಮೇಜಿನಿಂದ ಈಚೆಗೆ ಬರಲ್ಲ."

"ಕಾರ್ಖಾನೆ ಹೆಸ್ರು ಬಿಡಿ ಸಾರ್. ಇವ್ರ ಹೆಸ್ರು ಮಾತ್ರ ಹಾಕಿ."

"ಇವರ ಹೆಸರು ಬಂದರೆ ಮಾರನೇ ದಿನ ಕೆಲಸದಿಂದ ತೆಗೀತಾರೆ. ಅದು ನಿಮಗಿಂತ ನನಗೆ ಚೆನ್ನಾಗಿ ಗೊತ್ತು."

ಅನುಸೂಯಮ್ಮ ಭಜನೆ ಮನೆಯ ಕಡೆ ತಿರುಗಿ ನೋಡಿದಳು. ಒಳಗಿನಿಂದ ಯಾವ ಸದ್ದೂ ಇರಲಿಲ್ಲ. ಮಂಗಳವಾಗದೆ ಏಳುವಂತಿಲ್ಲವೆಂದು ಊರವರು ಹಾಗೆಯೇ ಕೂತಿದ್ದರು.

"ಒಂದು ಮಾಡಬಲ್ಲೆ" ಎಂದರು ಅವರು ಕೊನೆಗೆ. "ಕತೆ ಬರೀಬಲ್ಲೆ. ಊರು ಬದಲಾಯಿಸಿ, ಹೆಸರು ಬದಲಾಯಿಸಿ. ಅದನ್ನ ಯಾರೂ ತಡೆಯಲ್ಲ. ಚೆನ್ನಾಗಿ ಬರೀತೀನಿ."

ಅವರು ಅದನ್ನು ನಿಜವಾಗಿ ಕೊಡುವ ಹಾಗೆಯೇ ಹೇಳಿದರು. ತಮ್ಮಲ್ಲಿ ಉಳಿದಿದ್ದದ್ದು ಅಷ್ಟೇ ಎನ್ನುವ ಹಾಗೆ.

"ಹೆಸ್ರು ಬದ್ಲಾಯ್ಸಿದ್ರೆ ಇದು ಇವ್ರ ಮೂಗು ಅಂತ ಯಾರ್ಗೆ ಗೊತ್ತಾಗ್ತದೆ ಸಾರ್?" ಎಂದಳು ಅನುಸೂಯಮ್ಮ. ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದ್ದು. "ಕತೆ ಓದಿ ಅವ್ರು ಇವ್ರನ್ನ ತೊಟ್ಟಿಯಿಂದ ತೆಗೀತಾರಾ?"

"ಇಲ್ಲಮ್ಮ."

"ಓದ್ದೋರು ಏನ್ ಮಾಡ್ತಾರೆ?"

"ಅಳ್ತಾರೆ, ಅಂದ್ಕೋತೀನಿ."

"ಅದುನ್ನ ನಾನೇ ಮಾಡಿಸ್ತಿದ್ನಲ್ಲಾ ಸಾರ್" ಎಂದ ನಲ್ಲಪ್ಪ.

ಅಷ್ಟು ಹೊತ್ತಿನಲ್ಲಿ ಅವನು ನಕ್ಕದ್ದು ಅದೊಂದೇ ಸಲ. ಹನುಮಂತಯ್ಯನವರು ಅವನ ಎರಡೂ ಕೈ ಹಿಡಿದುಕೊಂಡರು. ಆಮೇಲೆ ಕಾರು ಹತ್ತಿದರು. ಕಾರು ಹೊರಟಿತು. ಹಿಂದಿನ ಕೆಂಪು ದೀಪಗಳು ಕಾರ್ಖಾನೆಗಳ ಬೆಳಕಿನಲ್ಲಿ ಸೇರಿಹೋದವು.

ಒಳಗೆ ಹೋದಾಗ ಎಲ್ಲರೂ ನಲ್ಲಪ್ಪನ ಮುಖ ನೋಡಿದರು. ಅರ್ಚಕರ ಕೈಯಲ್ಲಿ ಕಡ್ಡಿಪೆಟ್ಟಿಗೆ ಇನ್ನೂ ಹಾಗೇ ಇತ್ತು. ಅವನು ನನ್ನ ಪಕ್ಕ ಬಂದು ಕೂತ. ಆಮೇಲೆ ತಾನೇ ಹೇಳಿದ, ಎಲ್ಲರಿಗೂ ಕೇಳಿಸಲಿ ಎಂದು ಹರಕು ಗಂಟಲನ್ನು ಹಿಂಡಿ:

"ಯಾರಾನಾ ಹೇಳ್ರಪ್ಪ ಮಂಗ್ಳಾನ. ಮನೇಲಿ ಮಕ್ಳು ಕಾಯ್ತಿರ್ತಾವೆ."

ಯಾರೂ ಹೇಳಲಿಲ್ಲ. ವೆಂಕಟೇಶಪ್ಪನೂ ಹೇಳಲಿಲ್ಲ. ಕೊನೆಗೆ ಚಿಕ್ಕಮುನಿಯಮ್ಮಜ್ಜಿ ನೆಲಕ್ಕೆ ಕೈಯೂರಿ ಎದ್ದಳು. ಆರತಿ ಇಲ್ಲದ ದೇವರಿಗೆ ಕೈಮುಗಿದು ಹೊರಗೆ ನಡೆದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಆ ಭಜನೆ ಮನೆಯಲ್ಲಿ ಪೀಠದ ಮುಂದೆ ಮಾತು ನಡೆದ ಮೇಲೆ ಮಂಗಳವಿಲ್ಲದೆ ಜನ ಚದುರಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಅವರ ಮನೆಯ ಮುಂದೆ ಹಾದುಹೋಗುತ್ತಿದ್ದೆ. ನಲ್ಲಪ್ಪ ಖಾಕಿ ಅಂಗಿ ತೊಟ್ಟು ಜಗುಲಿಯ ಮೇಲೆ ತಲೆ ಹಿಂದಕ್ಕೆ ಮಾಡಿ ಕೂತಿದ್ದ. ಅನುಸೂಯಮ್ಮ ಹತ್ತಿಯನ್ನು ಬೆರಳಲ್ಲಿ ಹೊಸೆದು, ತುಪ್ಪದಲ್ಲಿ ಅದ್ದಿ, ಅವನ ಮೂಗಿನ ಎರಡೂ ಹೊಳ್ಳೆಗೆ ಮೆಲ್ಲಗೆ ಇಡುತ್ತಿದ್ದಳು. ಆವಿ ಸ್ವಲ್ಪವಾದರೂ ತಡೆಯಲಿ ಎಂದು. ಎದುರುಮನೆಯ ಬಾಗಿಲಲ್ಲಿದ್ದ ಚಿಕ್ಕಮುನಿಯಮ್ಮಜ್ಜಿ ಅದನ್ನು ನೋಡಿ ಎದೆ ಬಡಿದುಕೊಂಡಳು.

"ಅಯ್ಯೋ ನಿನ್ ಕೈ ಸೇದೋಗ! ತೆಗ್ಯೇ ಅದ್ನ! ಬದ್ಕಿರೋನ ಮೂಗ್ಗೆ ಯಾರಾನಾ ಅತ್ತಿ ಮಡಗ್ತಾರೇನೇ?"

ಅನುಸೂಯಮ್ಮ ತಿರುಗಿ ನೋಡಲಿಲ್ಲ. ಎರಡನೆಯ ಹೊಳ್ಳೆಯ ಹತ್ತಿಯನ್ನು ಕಿರುಬೆರಳಿನಿಂದ ಇನ್ನೊಂದಿಷ್ಟು ಒಳಗೆ ಒತ್ತಿದಳು.

"ಸೈರನ್ ಆಗೋ ಒತ್ತಾಯ್ತಜ್ಜಿ" ಎಂದಳು. ಗಂಡನ ಕೈಗೆ ಊಟದ ಡಬ್ಬಿ ಕೊಟ್ಟಳು. ಅವನು ಬಾಯಿಂದ ಉಸಿರಾಡುತ್ತ ಎದ್ದು ಹೊರಟ.